‘ಯಾವ ಅಧಿಕಾರದಲ್ಲಿ ಹಿಡಿದಿದ್ದೀರಿ?’: ಜಬಲ್ಪುರ ಪ್ರಕರಣವನ್ನು ಬೆಂಗಳೂರಿನಿಂದ ಓದಿದಾಗ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಫ್ರೀಡಂ ಪಾರ್ಕ್ ಇದೆ. ಊರಿನಲ್ಲಿ ಯಾರೇ ಧರಣಿ ಮಾಡಲಿ, ಕೊನೆಗೆ ಅಲ್ಲಿಗೇ ಬಂದು ಕೂರುತ್ತಾರೆ. ಅಲ್ಲಿ ಉಳಿದಿರುವ ಹಳೇ ಬ್ಯಾರಕ್ಕುಗಳನ್ನು ನೋಡಿದರೆ ಅದು ಮೊದಲು ಏನಾಗಿತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಸೆಂಟ್ರಲ್ ಜೈಲು.

1975ರ ಜೂನ್ 26ರಂದು ನಾಲ್ವರು ಸಂಸದರನ್ನು ಈ ಜೈಲಿಗೆ ಕರೆತಂದರು. ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ. ಪಕ್ಷಾಂತರ ತಡೆಯುವ ಮಸೂದೆ ನೋಡುತ್ತಿದ್ದ ಸಂಸದೀಯ ಸಮಿತಿಯ ಸಭೆಗೆ ಅಂತ ಅವರು ಬೆಂಗಳೂರಿಗೆ ಬಂದಿದ್ದರು. ಸರ್ಕಾರದ್ದೇ ಕೆಲಸಕ್ಕೆ ಬಂದವರು ಸರ್ಕಾರದ್ದೇ ಜೈಲು ಸೇರಿದರು. ಹಿಂದಿನ ರಾತ್ರಿ ದೆಹಲಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ‘ಆಂತರಿಕ ಕ್ಷೋಭೆ’ ಎಂಬ ಕಾರಣ ಕೊಟ್ಟು ತುರ್ತು ಪರಿಸ್ಥಿತಿಗೆ ಸಹಿ ಹಾಕಿದ್ದರು.

ನಾಲ್ವರೂ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರು ತಮ್ಮ ಅಧಿಕಾರವನ್ನು ಕೋರ್ಟಿಗೆ ತೋರಿಸಲಿ ಅಂತ ಕೇಳುವ ಅರ್ಜಿ, ಹಾಕಿದರು. ಅರ್ಜಿ ವಿಚಾರಣೆಗೇ ಅರ್ಹವಲ್ಲ ಅಂತ ಸರ್ಕಾರ ಹೇಳಿತು. ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ವಿಚಾರಣೆ ಮಾಡಬಹುದು ಎಂದಿತು. ಇದೇ ಪ್ರಶ್ನೆ ದೇಶದ ಬೇರೆ ಕಡೆಗಳಲ್ಲೂ ಎದ್ದಿತ್ತು. ಒಟ್ಟು ಒಂಬತ್ತು ಹೈಕೋರ್ಟುಗಳು ಬಂಧಿಗಳ ಪರವಾಗಿ ಉತ್ತರ ಕೊಟ್ಟವು. ಸರ್ಕಾರ ಎಲ್ಲವನ್ನೂ ಸುಪ್ರೀಂ ಕೋರ್ಟಿಗೆ ಒಯ್ದಿತು. ಮಧ್ಯಪ್ರದೇಶದಿಂದ ಬಂದ ಮೇಲ್ಮನವಿಯ ಹೆಸರೇ ಇಡೀ ಗುಂಪಿಗೆ ನಿಂತಿತು: ಎ.ಡಿ.ಎಂ. ಜಬಲ್ಪುರ ವಿರುದ್ಧ ಶಿವಕಾಂತ್ ಶುಕ್ಲಾ. ಎ.ಡಿ.ಎಂ. ಅಂದರೆ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್. ನಮ್ಮ ಹೈಕೋರ್ಟಿನ ಪ್ರಕರಣವೂ ಆ ಹೆಸರಿನ ಅಡಿಯಲ್ಲೇ ಸೇರಿಹೋಯಿತು.

ಈ ಕೇಸಿನ ಬಗ್ಗೆ ಮಾತು ಬಂದಾಗೆಲ್ಲ ‘ಜಡ್ಜುಗಳು ಹೆದರಿದರು’ ಅಂತ ಹೇಳಿ ಮುಗಿಸುತ್ತಾರೆ. ಹೆದರಿಕೆ ಇತ್ತೋ ಇಲ್ಲವೋ, ತೀರ್ಪಿನಲ್ಲಿ ಅದನ್ನು ಬರೆದಿಲ್ಲ. ಬರೆದಿರುವುದು ಪದಗಳ ಅರ್ಥ. ಒಂದು ವಾಕ್ಯವನ್ನು ಹೇಗೆ ಓದಬೇಕು ಅನ್ನುವುದರ ಮೇಲೆ ಇಡೀ ಕೇಸು ನಿಂತಿತ್ತು. ಅಲ್ಲೇ ಎಡವಿದ್ದು ಅಂತ ನನ್ನ ಲೆಕ್ಕ. ಹಾಗಾಗಿ ರಾಜಕೀಯವನ್ನು ಸ್ವಲ್ಪ ಬದಿಗಿಟ್ಟು ಆ ವಾಕ್ಯದ ಹತ್ತಿರ ಹೋಗೋಣ.

ಮೀಸಾ ಏನು ಹೇಳುತ್ತಿತ್ತು

ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ, ಜನರ ಬಾಯಲ್ಲಿ ಮೀಸಾ, ಬಂದದ್ದು 1971ರಲ್ಲಿ. ತಪ್ಪು ಮಾಡಿದ್ದಕ್ಕೆ ಶಿಕ್ಷೆ ಕೊಡುವ ಕಾಯ್ದೆ ಅಲ್ಲ ಅದು. ಮುಂದೆ ಏನಾದರೂ ಮಾಡಿಯಾರು ಅಂತ ಮೊದಲೇ ಹಿಡಿದಿಡುವ ಕಾಯ್ದೆ. ಆದರೂ ಅದರ 3ನೇ ಸೆಕ್ಷನ್‌ಗೆ ಒಂದು ಚೌಕಟ್ಟು ಇತ್ತು. ಆದೇಶ ಮಾಡಬಹುದಾದವರು ಇಂಥವರೇ: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಜಿಲ್ಲಾ ಮ್ಯಾಜಿಸ್ಟ್ರೇಟ್, ವಿಶೇಷವಾಗಿ ಅಧಿಕಾರ ಪಡೆದ ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್. ಕಾರಣಗಳೂ ಇಂಥವೇ: ದೇಶದ ರಕ್ಷಣೆ, ಭದ್ರತೆ, ಸಾರ್ವಜನಿಕ ಶಾಂತಿ, ಅಗತ್ಯ ಸೇವೆ ಮತ್ತು ಸರಬರಾಜು, ಹೀಗೆ. ಅದರ ಜೊತೆಗೆ, ಹಿಡಿಯುವುದು ಅಗತ್ಯ ಅಂತ ಅಧಿಕಾರಿಗೆ ‘ಮನವರಿಕೆ’ ಆಗಿರಬೇಕು.

ತುರ್ತು ಪರಿಸ್ಥಿತಿ ಬಂದ ನಾಲ್ಕೇ ದಿನದಲ್ಲಿ, ಜೂನ್ 29ರಂದು, ಸುಗ್ರೀವಾಜ್ಞೆಯ ಮೂಲಕ ಇದಕ್ಕೆ 16ಎ ಎಂಬ ಹೊಸ ಸೆಕ್ಷನ್ ಸೇರಿತು. ‘ತುರ್ತು ಪರಿಸ್ಥಿತಿಯನ್ನು ನಿಭಾಯಿಸಲು ಈ ಬಂಧನ ಅಗತ್ಯ’ ಅಂತ ಅಧಿಕಾರಿ ಘೋಷಿಸಿದರೆ ಬಂಧಿಗೆ ಕಾರಣ ತಿಳಿಸಬೇಕಾಗಿಲ್ಲ. ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಅಂತ ನೋಡುವ ಸಲಹಾ ಮಂಡಳಿಯ ಮುಂದೆ ಇಡಬೇಕಾಗಿಲ್ಲ. ನಾಲ್ಕು ತಿಂಗಳಿಗೊಮ್ಮೆ ಸರ್ಕಾರವೇ ತನ್ನ ಕೆಲಸವನ್ನು ತಾನೇ ನೋಡಿಕೊಂಡರೆ ಸಾಕು. ಇದರ ಒಂಬತ್ತನೇ ಉಪ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಂಧನದ ಕಾರಣಗಳು ಗೋಪ್ಯ, ಅವನ್ನು ಹೊರಗೆ ಹೇಳುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದಿತು. ಅಂದರೆ ಕೋರ್ಟಿಗೂ ಹೇಳುವಂತಿಲ್ಲ.

ಇದು ಹಳೇ ಕತೆಯೇ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಅಂಥದ್ದೇ ಒಂದು ಸೆಕ್ಷನ್ನನ್ನು, ಕಾರಣಗಳನ್ನು ಕೋರ್ಟಿನಲ್ಲಿ ಹೇಳಬಾರದು ಎಂಬ ಆಗಿನ ಮುನ್ನೆಚ್ಚರಿಕೆ ಬಂಧನ ಕಾಯ್ದೆಯ 14ನೇ ಸೆಕ್ಷನ್ನನ್ನು, ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಗೋಪಾಲನ್ ಸೋತ ಕೇಸು ಅಂತಲೇ ನಾವು ಓದುತ್ತೇವೆ. ಅದರೊಳಗೆ ಈ ಒಂದು ಸಣ್ಣ ಗೆಲುವು ಇತ್ತು. 1975ರಲ್ಲಿ ಅದೂ ಬೇರೆ ಬಾಗಿಲಿನಿಂದ ವಾಪಸ್ ಹೋಯಿತು. ಕಾಯ್ದೆಗೆ ಕೈ ಹಾಕದಂತೆ ಸಂವಿಧಾನದ 39ನೇ ತಿದ್ದುಪಡಿಯಲ್ಲಿ ಮೀಸಾವನ್ನು ಒಂಬತ್ತನೇ ಶೆಡ್ಯೂಲಿಗೂ ಸೇರಿಸಿಬಿಟ್ಟರು.

ಮೀಸಾದ 18ನೇ ಸೆಕ್ಷನ್‌ನದ್ದು ಇನ್ನೊಂದು ತಮಾಷೆ. ಬಂಧಿಗೆ ಸಹಜ ಕಾನೂನಿನಿಂದಾಗಲಿ ಕಾಮನ್ ಲಾದಿಂದಾಗಲಿ (ಕೋರ್ಟುಗಳ ತೀರ್ಪುಗಳಿಂದ ಬೆಳೆದ ಕಾನೂನು) ಬರುವ ಸ್ವಾತಂತ್ರ್ಯದ ಹಕ್ಕು, ‘ಅಂಥದ್ದೇನಾದರೂ ಇದ್ದರೆ’, ಇಲ್ಲ ಎಂದಿತು. ಆ ‘ಇದ್ದರೆ’ಯನ್ನು ಗಮನಿಸಿ. ಆಮೇಲೆ ಅದನ್ನೂ ತಿದ್ದಿದರು: 3ನೇ ಸೆಕ್ಷನ್ ಅಡಿ ಆದೇಶ ಆಗಿರುವ, ‘ಅಥವಾ ಆಗಿದೆ ಎಂದು ಹೇಳಿಕೊಂಡಿರುವ’ ಯಾರಿಗೂ ಈ ಹಕ್ಕು ಇಲ್ಲ. ಕರಡು ಬರೆದವರು ಜಾಣರು. ಎಲ್ಲಿಂದ ಗಾಳಿ ಬರುತ್ತದೆ ಅಂತ ಗೊತ್ತಿದ್ದವರಷ್ಟೇ ಅಂಥ ಕಿಂಡಿ ಮುಚ್ಚುತ್ತಾರೆ.

ಒಂದೇ ಒಂದು ವಾಕ್ಯ

ಈಗ ಮುಖ್ಯ ವಾಕ್ಯ. ಜೂನ್ 27ರಂದು ರಾಷ್ಟ್ರಪತಿ ಸಂವಿಧಾನದ 359ನೇ ವಿಧಿಯ ಅಡಿ ಒಂದು ಆದೇಶ ಹೊರಡಿಸಿದರು. ಕನ್ನಡದಲ್ಲಿ ಅದರ ತಿರುಳು ಇಷ್ಟು: 14, 21 ಮತ್ತು 22ನೇ ವಿಧಿಗಳು ಕೊಟ್ಟ ಹಕ್ಕುಗಳ ಜಾರಿಗಾಗಿ ಯಾವುದೇ ವ್ಯಕ್ತಿ, ವಿದೇಶಿಯೂ ಸೇರಿ, ಯಾವುದೇ ಕೋರ್ಟಿಗೆ ಹೋಗುವ ಹಕ್ಕು ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಅಮಾನತಿನಲ್ಲಿರುತ್ತದೆ.

14 ಅಂದರೆ ಸಮಾನತೆ. 21 ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ. 22 ಅಂದರೆ ಬಂಧನವಾದಾಗ ಸಿಗುವ ರಕ್ಷಣೆ.

ಮತ್ತೊಮ್ಮೆ ಓದಿ. ಆದೇಶ ಹಕ್ಕನ್ನು ತೆಗೆದುಹಾಕಿಲ್ಲ. ಹಕ್ಕಿನ ‘ಜಾರಿಗಾಗಿ’ ಕೋರ್ಟಿಗೆ ಹೋಗುವುದನ್ನು ಮಾತ್ರ ತಡೆದಿದೆ. ಅದೂ ಎಲ್ಲ ಹಕ್ಕುಗಳಿಗಲ್ಲ, ಮೂರು ವಿಧಿ ‘ಕೊಟ್ಟ’ ಹಕ್ಕುಗಳಿಗೆ ಮಾತ್ರ. ಹಾಗಾದರೆ ಒಬ್ಬ ಬಂಧಿ ಬಂದು, ‘ಸ್ವಾಮಿ, ನಾನು 21ನೇ ವಿಧಿ ಕೇಳ್ತಾ ಇಲ್ಲ. ಮೀಸಾವನ್ನೇ ಕೇಳ್ತಾ ಇದ್ದೀನಿ. ಮೀಸಾ ಹೇಳಿದ ಅಧಿಕಾರಿ ಈ ಆದೇಶಕ್ಕೆ ಸಹಿ ಮಾಡಿಲ್ಲ’ ಅಂದರೆ? ಅವನ ಬಾಯನ್ನೂ ಈ ವಾಕ್ಯ ಮುಚ್ಚುತ್ತದಾ?

ಇದಕ್ಕೆ ಉತ್ತರ ಆಗಲೇ ಇತ್ತು. ಚೀನಾ ಯುದ್ಧದ ಹೊತ್ತಿನಲ್ಲಿ, 1962ರ ನವೆಂಬರ್ 3ರಂದು, ಇಂಥದ್ದೇ ಆದೇಶ ಬಂದಿತ್ತು. 1963ರ ಮಖನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬಹುಮತದ ತೀರ್ಪು ಬರೆದರು. ಅದು ಎರಡು ಮಾತು ಹೇಳಿತು. ಅಮಾನತಿನಲ್ಲಿರುವ ಮೂಲಭೂತ ಹಕ್ಕಿನ ಮೇಲೆ ನಿಂತ ಅರ್ಜಿ ನಡೆಯುವುದಿಲ್ಲ, ಅದಕ್ಕೆ ಯಾವ ಹೆಸರಿಟ್ಟರೂ ಅಷ್ಟೆ. ಆದರೆ ಕಾಯ್ದೆಯೇ ಹಾಕಿದ ಕಡ್ಡಾಯ ಷರತ್ತು ಮುರಿದಿದ್ದರೆ, ಅಥವಾ ದುರುದ್ದೇಶದಿಂದ ಆದೇಶ ಮಾಡಿದ್ದರೆ, ಬಂಧಿ ಕೇಳಬಹುದು. ಸರಿಯಾದ ಗೆರೆ ಅಂತ ನನಗನ್ನಿಸುತ್ತದೆ. ಸರ್ಕಾರಕ್ಕೆ ಕಾಯ್ದೆ ಕೊಟ್ಟ ಬಲ ಪೂರ್ತಿ ಇದೆ. ಕಾಯ್ದೆಯ ಹೊರಗಿನ ಬಲ ಮಾತ್ರ ಇಲ್ಲ.

ಇಲ್ಲೊಂದು ತೊಡಕಿತ್ತು. 1962ರ ಆದೇಶದ ಕೊನೆಯಲ್ಲಿ ಒಂದು ಷರತ್ತಿನ ತುಂಡು ಇತ್ತು: ಆ ವ್ಯಕ್ತಿಯ ಹಕ್ಕು ಭಾರತ ರಕ್ಷಣಾ ಸುಗ್ರೀವಾಜ್ಞೆಯ ಅಥವಾ ಅದರ ನಿಯಮಗಳ ‘ಅಡಿಯಲ್ಲಿ ಹೋಗಿದ್ದರೆ’. 1975ರ ಆದೇಶದಲ್ಲಿ ಆ ತುಂಡೇ ಇಲ್ಲ. ಸರ್ಕಾರದ ವಾದವೆಲ್ಲ ಈ ಇಲ್ಲದ ತುಂಡಿನ ಮೇಲೆ ನಿಂತಿತು. ಷರತ್ತು ತೆಗೆದಿದ್ದೇವೆ ಅಂದರೆ ಉದ್ದೇಶಪೂರ್ವಕವಾಗಿಯೇ ತೆಗೆದಿದ್ದೇವೆ. ಕಾಯ್ದೆಯ ಒಳಗೋ ಹೊರಗೋ, ಈಗ ಯಾರೂ ಕೇಳುವಂತಿಲ್ಲ.

ಸುಳ್ಳು ಹೇಳಬಾರದು, ಇದು ತಳಬುಡ ಇಲ್ಲದ ವಾದವಲ್ಲ. ಕಾಯ್ದೆ ಓದುವಾಗ ಹಿಂದಿನ ಪಠ್ಯದಲ್ಲಿದ್ದ ಮಾತು ಮುಂದಿನದರಲ್ಲಿ ಬಿಟ್ಟುಹೋಗಿದ್ದರೆ ಅದಕ್ಕೆ ಅರ್ಥ ಇದೆ ಅಂತಲೇ ಹಿಡಿಯುತ್ತೇವೆ. ದಿನಾ ಕೋರ್ಟುಗಳಲ್ಲಿ ನಡೆಯುವ ಓದು ಇದು. ಅದಕ್ಕೇ ಈ ಕೇಸು ಪಾಠಕ್ಕೆ ಒಳ್ಳೆಯದು.

ತಹಸೀಲ್ದಾರರು ಸಹಿ ಹಾಕಿದ್ದರೆ

ವಿದ್ಯಾರ್ಥಿಗಳಿಗೆ ಹೇಳುವಾಗ ನಾನೊಂದು ಕಾಗದ ತೆಗೆದುಕೊಂಡು ಸುಳ್ಳು ಬಂಧನದ ಆದೇಶ ಬರೆಯುತ್ತೇನೆ. ಮೇಲೆ ‘ಮೀಸಾ ಸೆಕ್ಷನ್ 3’, ಮಧ್ಯೆ ಒಂದು ಹೆಸರು, ಕೆಳಗೆ ತಹಸೀಲ್ದಾರರ ಸಹಿ. ಈ ಕಾಗದ ತೋರಿಸಿ ಜೈಲರ್ ಯಾರೋ ಒಬ್ಬ ಮನುಷ್ಯನನ್ನು ಒಳಗೆ ಹಾಕಿದ್ದಾರೆ. 3ನೇ ಸೆಕ್ಷನ್ ಪಟ್ಟಿಯಲ್ಲಿ ತಹಸೀಲ್ದಾರರು ಇಲ್ಲವೇ ಇಲ್ಲ. ಬಂಧಿ ಕೋರ್ಟಿಗೆ ಬಂದ. ಅವನು ಯಾವ ಹಕ್ಕನ್ನು ಜಾರಿ ಮಾಡಿಸಿಕೊಳ್ಳುತ್ತಿದ್ದಾನೆ?

ಹುಡುಗರು ಥಟ್ಟನೆ ‘21’ ಅನ್ನುತ್ತಾರೆ. ಸರ್ಕಾರವೂ 1975ರಲ್ಲಿ ಅದನ್ನೇ ಹೇಳಿತು. ಸ್ವಾತಂತ್ರ್ಯ ಅನ್ನುವುದು ಸಂವಿಧಾನದಲ್ಲಿ ಇರುವುದು 21ರಲ್ಲಿ ಮಾತ್ರ. ಬಿಡುಗಡೆ ಕೇಳುವವನು, ಏನೇ ಹೆಸರು ಹೇಳಲಿ, ಕೇಳುವುದು 21ನ್ನೇ. 21ರ ಬಾಗಿಲು ಮುಚ್ಚಿದೆ. ಆದ್ದರಿಂದ ಅರ್ಜಿ ಹಾಕುವ ಅರ್ಹತೆಯೇ ಇಲ್ಲ.

ಬಂಧಿಗಳ ಪರ ಶಾಂತಿಭೂಷಣ್, ವಿ.ಎಂ. ತಾರ್ಕುಂಡೆ, ಸೋಲಿ ಸೊರಾಬ್ಜಿ ಮೊದಲಾದವರಿದ್ದರು. ಅವರ ಕಡೆಯ ವಾದಗಳಲ್ಲಿ ನನಗೆ ಜಾಸ್ತಿ ಹಿಡಿಸುವುದು 226ನೇ ವಿಧಿಯ ಮೂರು ಪದ. ಹೈಕೋರ್ಟು ರಿಟ್, ಅಂದರೆ ಸರ್ಕಾರಕ್ಕೋ ಅಧಿಕಾರಿಗೋ ಕೊಡುವ ಆಜ್ಞೆ, ಹೊರಡಿಸಬಹುದಾದದ್ದು ಮೂಲಭೂತ ಹಕ್ಕುಗಳ ಜಾರಿಗೆ, ‘ಮತ್ತು ಬೇರೆ ಯಾವುದೇ ಉದ್ದೇಶಕ್ಕೆ’. 359 ಮುಚ್ಚಿದ್ದು ಮೊದಲ ಅರ್ಧವನ್ನು. ಎರಡನೇ ಅರ್ಧ ಹಾಗೇ ಇದೆ. ಅಧಿಕಾರಿ ಕಾಯ್ದೆ ಮೀರಿದ್ದಾನೆಯೇ ಅಂತ ನೋಡುವುದು ಆ ‘ಬೇರೆ ಉದ್ದೇಶ’. ನಡುವೆ ಒಂದು ಮಾತು: ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 491ನೇ ಸೆಕ್ಷನ್‌ನಲ್ಲೂ ಹೇಬಿಯಸ್ ಕಾರ್ಪಸ್‌ನಂಥ ಪರಿಹಾರ ಇತ್ತು. 1973ರ ಹೊಸ ಸಂಹಿತೆ ಬರೆಯುವಾಗ, ಹೇಗೂ 226 ಇದೆಯಲ್ಲ ಅಂತ ಅದನ್ನು ಕೈಬಿಟ್ಟಿದ್ದರು. ಇಟ್ಟಿದ್ದರೆ ಇನ್ನೊಂದು ಬಾಗಿಲು ಇರುತ್ತಿತ್ತು ಅಂತ ಸುಮ್ನೆ ಯೋಚನೆ ಬರುತ್ತದೆ. ಬಹುಮತದವರು ಅದನ್ನೂ ಮುಚ್ಚುತ್ತಿದ್ದರೋ ಏನೋ.

ಅಟಾರ್ನಿ ಜನರಲ್ ನಿರೇನ್ ಡೇ ಸರ್ಕಾರದ ಪರ ವಾದಿಸುತ್ತಿದ್ದಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಕೇಳಿದರು. 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆಗೆ ಜೀವವೂ ಇದೆ. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಆಗಲೂ ಪರಿಹಾರ ಇಲ್ಲವೇ? ತನ್ನ ವಾದವನ್ನು ಕೊನೆತನಕ ಒಯ್ದರೆ, ತುರ್ತು ಪರಿಸ್ಥಿತಿ ಇರುವಷ್ಟು ದಿನ ಇಲ್ಲ ಅಂತಲೇ ಡೇ ಉತ್ತರಿಸಿದರು. ಆ ಉತ್ತರ ಕೇಳಿ ಕೋರ್ಟ್ ಹಾಲಿನಲ್ಲಿದ್ದವರು ಬೆಚ್ಚಿದ್ದರಂತೆ. ನನಗೆ ಮಾತ್ರ ಆ ಉತ್ತರದಲ್ಲಿ ಒಂದು ವಿಚಿತ್ರ ಪ್ರಾಮಾಣಿಕತೆ ಕಾಣುತ್ತದೆ. ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವರು ಮುಚ್ಚಿಡಲಿಲ್ಲ. ತೀರ್ಪು ಬರೆದ ನಾಲ್ವರಿಗೂ ಅದು ತಿಳಿದೇ ಇತ್ತು.

ನಾಲ್ವರು ಹೇಗೆ ಓದಿದರು

1976ರ ಏಪ್ರಿಲ್ 28ಕ್ಕೆ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಒಂದು ಕಡೆ. ಖನ್ನಾ ಒಬ್ಬರೇ ಇನ್ನೊಂದು ಕಡೆ.

ಬಹುಮತದ ಅಂತಿಮ ಉತ್ತರದ ಸಾರ ಇದು: ಜೂನ್ 27ರ ಆದೇಶದ ಕಾರಣ, ಬಂಧನ ಕಾಯ್ದೆಯ ಅಡಿಯಲ್ಲಿಲ್ಲ ಎಂದಾಗಲಿ, ಕಾಯ್ದೆಗೆ ಅನುಗುಣವಾಗಿಲ್ಲ ಎಂದಾಗಲಿ, ಕಾನೂನುಬಾಹಿರ ಎಂದಾಗಲಿ, ದುರುದ್ದೇಶದ್ದು ಎಂದಾಗಲಿ, ಸಂಬಂಧವಿಲ್ಲದ ಕಾರಣಕ್ಕೆ ಆದದ್ದು ಎಂದಾಗಲಿ ಹೇಳಿ 226ರ ಅಡಿ ಹೈಕೋರ್ಟಿಗೆ ಹೋಗುವ ಅರ್ಹತೆ ಯಾರಿಗೂ ಇಲ್ಲ. ನನ್ನ ತಹಸೀಲ್ದಾರರ ಕಾಗದಕ್ಕೂ ಇದೇ ಉತ್ತರ. ‘ಕಾಯ್ದೆಯ ಅಡಿಯಲ್ಲಿಲ್ಲ’ ಎಂಬ ಮಾತನ್ನೇ ಅವರು ಹೆಸರಿಸಿ ಹೊರಗಿಟ್ಟರು.

ಆ ಓದಿನಲ್ಲಿ ತಪ್ಪು ಎಲ್ಲಿ? ಪದಕ್ಕೆ ಪದ ಹಿಡಿದು ಓದಿದ್ದು ತಪ್ಪಲ್ಲ. ಪದಕ್ಕಿಂತ ಜಾಸ್ತಿ ಓದಿದರು ಅನ್ನುವುದೇ ನನ್ನ ದೂರು. ಆದೇಶದಲ್ಲಿ ಇದ್ದದ್ದು ‘21ನೇ ವಿಧಿ ಕೊಟ್ಟ ಹಕ್ಕು’. ಅವರು ಓದಿದ್ದು ‘ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಯಾವುದೇ ಪ್ರಶ್ನೆ’. ಈ ಎರಡರ ನಡುವಿನ ಕಂದಕ ತುಂಬಲು ‘ಸ್ವಾತಂತ್ರ್ಯದ ಏಕೈಕ ಆಗರ 21’ ಎಂಬ ಸಿದ್ಧಾಂತ ಬೇಕಾಯಿತು. ಅದು ಆದೇಶದಲ್ಲಿ ಇಲ್ಲ, 359ರಲ್ಲೂ ಇಲ್ಲ. ಅಕ್ಷರಕ್ಕೆ ನಿಷ್ಠರು ಅಂತ ಹೇಳಿಕೊಂಡವರು ನಿಜಕ್ಕೂ ಅಕ್ಷರ ಬಿಟ್ಟಿದ್ದು ಇಲ್ಲೇ.

ಇನ್ನೊಂದು, ಪ್ರಶ್ನೆಯನ್ನೇ ತಿರುಗಿಸಿಬಿಟ್ಟರು. ಹೇಬಿಯಸ್ ಕಾರ್ಪಸ್ ರಿಟ್ ಮಾತಾಡುವುದು ಜೈಲರ್ ಜೊತೆ. ‘ಈ ಮನುಷ್ಯನನ್ನು ಯಾವ ಅಧಿಕಾರದಲ್ಲಿ ಹಿಡಿದಿದ್ದೀರಿ? ತೋರಿಸಿ.’ ಅಲ್ಲಿ ಉತ್ತರ ಕೊಡಬೇಕಾದವನು ಹಿಡಿದವನು. ಜಬಲ್ಪುರದಲ್ಲಿ ಕೋರ್ಟು ಬಂಧಿಯ ಕಡೆ ತಿರುಗಿ, ‘ನೀನು ಯಾವ ಹಕ್ಕು ತಂದಿದ್ದೀಯ?’ ಅಂತ ಕೇಳಿತು. ಅವನ ಕಿಸೆ ಖಾಲಿ, ಆದ್ದರಿಂದ ಜೈಲರ್ ಬಾಯಿ ಬಿಡಬೇಕಾಗಿಲ್ಲ. ಹೀಗೆ ಕೇಳಿದ ಮೇಲೆ ಉತ್ತರ ಮೊದಲೇ ತೀರ್ಮಾನವಾದ ಹಾಗೆ.

ಬಹುಮತಕ್ಕೆ ಇಂಗ್ಲೆಂಡಿನ ಒಂದು ಯುದ್ಧಕಾಲದ ತೀರ್ಪು ಆಸರೆಯಾಗಿ ಸಿಕ್ಕಿತು: 1941ರ ಲಿವರ್ಸಿಜ್ ವಿರುದ್ಧ ಆಂಡರ್ಸನ್. ಅಲ್ಲಿಯ 18ಬಿ ನಿಯಮದ ಪ್ರಕಾರ, ಒಬ್ಬ ವ್ಯಕ್ತಿ ಅಪಾಯಕಾರಿ ಅಂತ ನಂಬಲು ಗೃಹಮಂತ್ರಿಗೆ ‘ಸಕಾರಣ ಇದ್ದರೆ’ ಅವನನ್ನು ಹಿಡಿದಿಡಬಹುದು. ಮಂತ್ರಿಗೆ ಹಾಗೆ ಅನ್ನಿಸಿದರೆ ಸಾಕು, ಕಾರಣ ನಿಜಕ್ಕೂ ಇದೆಯೇ ಅಂತ ಕೋರ್ಟು ನೋಡಬೇಕಿಲ್ಲ ಎಂದರು ಅಲ್ಲಿಯ ಅತ್ಯುನ್ನತ ಕೋರ್ಟಿನ ನಾಲ್ವರು ಜಡ್ಜುಗಳು, ಅಂದರೆ ಲಾರ್ಡುಗಳು. ಲಾರ್ಡ್ ಆಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಅವರು ಕೊಟ್ಟ ಉದಾಹರಣೆ ಯಾವ ಭಾಷೆಗಾದರೂ ಸಲ್ಲುತ್ತದೆ. ‘ಕಾಲಿನ ಗಿಣ್ಣು ಮುರಿದಿದ್ದರೆ’ ಅನ್ನುವುದು ಬೇರೆ, ‘ಕಾಲಿನ ಗಿಣ್ಣು ಮುರಿದಿದೆ ಅಂತ ಅವನಿಗೆ ಅನ್ನಿಸಿದರೆ’ ಅನ್ನುವುದು ಬೇರೆ. ಪೆಟ್ಟು ತಿಂದವನಿಗೆ ಗಿಣ್ಣು ಮುರಿದಿದೆ ಅನ್ನಿಸಬಹುದು, ಎಕ್ಸ್‌ರೇ ತೆಗೆದರೆ ಬರೀ ಉಳುಕಿರಬಹುದು, ಅಲ್ವಾ?

ಆ ತೀರ್ಪು ತನ್ನ ಊರಿನಲ್ಲೇ ಮರ್ಯಾದೆ ಕಳೆದುಕೊಂಡಿತ್ತು. 1963ರ ರಿಜ್ ವಿರುದ್ಧ ಬಾಲ್ಡ್‌ವಿನ್ ಪ್ರಕರಣದಲ್ಲಿ ಲಾರ್ಡ್ ರೀಡ್ ಅದನ್ನು ವಿಚಿತ್ರ ತೀರ್ಪು ಅಂತ ಬದಿಗೆ ಸರಿಸಿದ್ದರು. ನಾಲ್ಕು ವಿರುದ್ಧ ಒಂದು ಎಂಬ ಲೆಕ್ಕವೂ ಸೇರಿದಂತೆ ಅದೇ ತೀರ್ಪಿನ ನೆರಳು ನಮ್ಮಲ್ಲಿ ಬಿತ್ತು.

ತೀರ್ಪಿನ ಕೆಲವು ಮಾತುಗಳು ಇವತ್ತಿಗೂ ಮುಜುಗರ ತರುತ್ತವೆ. ಬಂಧಿಗಳಿಗೆ ಒಳ್ಳೆಯ ವಸತಿ, ಒಳ್ಳೆಯ ಊಟ, ಒಳ್ಳೆಯ ಉಪಚಾರ ಇದೆ, ಅಧಿಕಾರಿಗಳ ಕಾಳಜಿ ಹೆಚ್ಚುಕಡಿಮೆ ತಾಯಿಯದ್ದು ಅಂತ ಬೇಗ್ ಬರೆದರು. ಸಾಕ್ಷ್ಯ ನೋಡುವಂತಿಲ್ಲ ಎಂದ ಕೋರ್ಟಿಗೆ ಈ ಸಾಕ್ಷ್ಯ ಎಲ್ಲಿಂದ ಸಿಕ್ಕಿತು?

ತಾಯಿಯ ಕಾಳಜಿಯ ಮಾತಿಗೆ ಬೆಂಗಳೂರಿನಲ್ಲಿ ಒಂದು ಉತ್ತರ ಇದೆ. ಆ ತೀರ್ಪು ಬಂದ ಕೆಲವೇ ದಿನಕ್ಕೆ, 1976ರ ಮೇ ತಿಂಗಳಲ್ಲಿ, ನಟಿ ಸ್ನೇಹಲತಾ ರೆಡ್ಡಿಯವರನ್ನು ಹಿಡಿದು ಇದೇ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಹೋದರು. ಏಪ್ರಿಲ್ 28ರ ನಂತರ ಅವರ ಪರವಾಗಿ ‘ಯಾವ ಅಧಿಕಾರದಲ್ಲಿ?’ ಅಂತ ಕೇಳಲು ಯಾವ ಹೈಕೋರ್ಟೂ ಉಳಿದಿರಲಿಲ್ಲ.

ಖನ್ನಾ ಓದಿದ ರೀತಿ

ಖನ್ನಾ ಅವರ ಭಿನ್ನ ತೀರ್ಪನ್ನು ಧೈರ್ಯದ ಕತೆಯಾಗಿ ಹೇಳುವುದು ರೂಢಿ. ಧೈರ್ಯ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಈ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕೈತಪ್ಪುತ್ತದೆ ಅಂತ ತಂಗಿಗೆ ಮೊದಲೇ ಹೇಳಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅದರ ಕಸುಬು.

ಅವರು ಆದೇಶವನ್ನು ಪ್ರಶ್ನಿಸಲಿಲ್ಲ. ತುರ್ತು ಪರಿಸ್ಥಿತಿ ಸರಿಯೇ ತಪ್ಪೇ ಅಂತಲೂ ಕೇಳಲಿಲ್ಲ. ದೇಶಕ್ಕೆ ಅಪಾಯ ಬಂದಾಗ ಸ್ವಾತಂತ್ರ್ಯಕ್ಕೆ ಕತ್ತರಿ ಹಾಕಬಹುದು ಎನ್ನುವುದನ್ನೂ ಒಪ್ಪಿದರು. ಅವರ ನೆಲೆ ತುಂಬಾ ಸಣ್ಣದು, ಅದಕ್ಕೇ ಗಟ್ಟಿ. ಕಾನೂನಿನ ಬೆಂಬಲವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಸರ್ಕಾರ ಮುಟ್ಟುವಂತಿಲ್ಲ ಎಂಬ ನಿಯಮವನ್ನು 21ನೇ ವಿಧಿ ಹುಟ್ಟಿಸಲಿಲ್ಲ. ಸಂವಿಧಾನ ಬರುವ ಮೊದಲೇ ಅದು ಇತ್ತು. 1931ರಲ್ಲೇ, ನೈಜೀರಿಯಾದಿಂದ ಬಂದ ಎಶುಗ್‌ಬಾಯಿ ಎಲೆಕೊ ಪ್ರಕರಣದಲ್ಲಿ, ಬ್ರಿಟಿಷ್ ವಸಾಹತುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ ಅದನ್ನು ಹೇಳಿತ್ತು. ತನ್ನ ಕೆಲಸ ಕಾನೂನುಬದ್ಧ ಅಂತ ಕೋರ್ಟಿನ ಮುಂದೆ ತೋರಿಸಲಾಗದ ಅಧಿಕಾರಿ ಯಾರ ಸ್ವಾತಂತ್ರ್ಯಕ್ಕೂ ಕೈ ಹಾಕುವಂತಿಲ್ಲ. ಅದನ್ನು ಬರೆದವರೂ ಅದೇ ಆಟ್ಕಿನ್. ವಸಾಹತು ಆಳುತ್ತಿದ್ದಾಗಲೇ ಇದ್ದ ನಿಯಮ ಸ್ವತಂತ್ರ ದೇಶದ ಸಂವಿಧಾನ ಬಂದದ್ದರಿಂದ ಸತ್ತುಹೋಯಿತು ಅಂದರೆ ನಂಬುವುದು ಹೇಗೆ?

ಹಾಗಾಗಿ ಷರತ್ತಿನ ತುಂಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಖನ್ ಸಿಂಗ್ ಹೇಳಿದ ಎರಡನೇ ಮಾತು ಆ ತುಂಡಿನ ಮೇಲೆ ಮಾತ್ರ ನಿಂತಿರಲಿಲ್ಲ. ಮೀಸಾ ಅಧಿಕಾರ ಕೊಟ್ಟಿದೆ, ಜೊತೆಗೆ ಅದರ ಅಂಚನ್ನೂ ಗುರುತು ಮಾಡಿದೆ. ಅಂಚು ದಾಟಿದ ಆದೇಶ ಮೀಸಾ ಆದೇಶವೇ ಅಲ್ಲ. ಅದನ್ನು ಹೇಳಲು ಮೂಲಭೂತ ಹಕ್ಕು ಬೇಕಾಗಿಲ್ಲ, ಮೀಸಾದ ಒಂದು ಪ್ರತಿ ಇದ್ದರೆ ಸಾಕು.

ಆಮೇಲೆ

ಬಂಧಿಗಳ ಪರ ನಿಂತ ಹೈಕೋರ್ಟ್ ಜಡ್ಜುಗಳಿಗೆ ವರ್ಗಾವಣೆ ಬಂತು. 1976ರಲ್ಲಿ ಒಪ್ಪಿಗೆ ಕೇಳದೆ ವರ್ಗವಾದವರು 16 ಮಂದಿ. ಕರ್ನಾಟಕದಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಚಂದ್ರಶೇಖರ್ ಮುಂದೆ ಕರ್ನಾಟಕಕ್ಕೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. 1977ರ ಜನವರಿಯಲ್ಲಿ ಸರದಿಯಂತೆ ಖನ್ನಾಗೆ ಸಿಗಬೇಕಿದ್ದ ಹುದ್ದೆ ಬೇಗ್ ಪಾಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಬಹುಮತದ ಉಳಿದ ಇಬ್ಬರೂ ಮುಂದೆ ಮುಖ್ಯ ನ್ಯಾಯಮೂರ್ತಿಗಳಾದರು. ಭಗವತಿ 2011ರಲ್ಲಿ ತಾನು ಅಂದು ತಪ್ಪು ಮಾಡಿದೆ ಅಂತ ಬಹಿರಂಗವಾಗಿ ಹೇಳಿದರು.

ಮೀಸಾದಲ್ಲಿ ಒಳಗೆ ಹೋದವರು 34,988 ಮಂದಿ ಅಂತ, ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಷಾ ಆಯೋಗ ಲೆಕ್ಕ ಕೊಟ್ಟಿತು. ಜನತಾ ಸರ್ಕಾರ ಬಂದ ಮೇಲೆ ಕಾಯ್ದೆ ರದ್ದಾಯಿತು. 1978ರ 44ನೇ ತಿದ್ದುಪಡಿಯಲ್ಲಿ 359ಕ್ಕೆ ಬೇಲಿ ಹಾಕಿದರು: 20 ಮತ್ತು 21ನೇ ವಿಧಿಗಳನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು.

ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಇತ್ತು. ಅದನ್ನು ಅಳಿಸಿದ್ದು 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಅದು ಬಂಧನದ ಕೇಸೂ ಅಲ್ಲ, ಆಧಾರ್‌ನಿಂದ ಹುಟ್ಟಿದ ಖಾಸಗಿತನದ ಕೇಸು. ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಜಬಲ್ಪುರದ ಬಹುಮತದ ನಾಲ್ಕೂ ತೀರ್ಪುಗಳು ಗಂಭೀರ ದೋಷದಿಂದ ಕೂಡಿವೆ ಅಂತ ಬರೆದವರು ಡಿ.ವೈ. ಚಂದ್ರಚೂಡ್. ಆ ನಾಲ್ಕರಲ್ಲಿ ಒಂದು ಅವರ ತಂದೆಯದ್ದು. ಪತ್ರಿಕೆಗಳು ತಂದೆ ಮಗನ ಕತೆಯನ್ನೇ ದೊಡ್ಡದು ಮಾಡಿದವು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಜೀವ ಮತ್ತು ಸ್ವಾತಂತ್ರ್ಯ ಸಂವಿಧಾನ ಕೊಟ್ಟ ಉಡುಗೊರೆಯಲ್ಲ, ಅದು ಮೊದಲಿಂದಲೂ ಇದ್ದದ್ದು ಅಂತ ಆ ತೀರ್ಪು ಹೇಳಿತು. ‘21ನೇ ವಿಧಿ ಕೊಟ್ಟ’ ಎಂಬ ಮಾತಿನ ಅರ್ಥದ ಜಗಳ ಮುಗಿಯಲು 41 ವರ್ಷ ಬೇಕಾಯಿತು.

44ನೇ ತಿದ್ದುಪಡಿಯಲ್ಲಿ ಇನ್ನೊಂದು ಸೆಕ್ಷನ್ ಇತ್ತು, ಮೂರನೆಯದು. ಸಲಹಾ ಮಂಡಳಿಯ ಅಭಿಪ್ರಾಯ ಇಲ್ಲದೆ ಹಿಡಿದಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿ, ಮಂಡಳಿಗೆ ಹಾಲಿ ಹೈಕೋರ್ಟ್ ನ್ಯಾಯಮೂರ್ತಿಯೇ ಅಧ್ಯಕ್ಷರಾಗಿರಬೇಕು ಎನ್ನುವ ಸೆಕ್ಷನ್. ಪಾರ್ಲಿಮೆಂಟ್ ಒಪ್ಪಿತು. ಜಾರಿಯ ದಿನಾಂಕ ಗೊತ್ತುಮಾಡುವ ಕೆಲಸವನ್ನು ಸರ್ಕಾರಕ್ಕೆ ಬಿಟ್ಟಿತು. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂದಾಗ, ಆ ದಿನಾಂಕ ಗೊತ್ತುಮಾಡಲು ಸರ್ಕಾರಕ್ಕೆ ಆದೇಶ ಕೊಡಿ ಅಂತ ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟನ್ನು ಕೇಳಿದರು. ಹಾಗೆ ಆದೇಶಿಸಲು ಬರುವುದಿಲ್ಲ ಅಂತ ಬಹುಮತ ಹೇಳಿತು. ಬಹುಮತದ ತೀರ್ಪು ಬರೆದವರು ಆಗಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಆ ಮೂರನೇ ಸೆಕ್ಷನ್‌ಗೆ ಇನ್ನೂ ದಿನಾಂಕ ಬಂದಿಲ್ಲ.